ಫಲಿತಾಂಶ ನೋಡುವಾಗ ಆರಂಭಿಕ ಶಿಲ್ಕನ್ನೂ ನೋಡೋಣ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಖಾಸಗಿ ಶಾಲೆಗಳ ಮುಂದೆ ಟಾಪರ್‌ಗಳ ಫೋಟೋ ಹಾಕಿದ ಫ್ಲೆಕ್ಸ್ ಏಳುತ್ತದೆ. ಸರ್ಕಾರಿ ಪ್ರೌಢಶಾಲೆಯ ಬಗ್ಗೆ "ಅಲ್ಲಿ ಏನು ಓದಿಸ್ತಾರೆ ಬಿಡಿ" ಎಂಬ ಮಾತು ಶುರುವಾಗುತ್ತದೆ. ಆ ಶಾಲೆಯಲ್ಲಿ ನಮ್ಮ ಮೊಹಲ್ಲಾದ ಮಕ್ಕಳು ಹೆಚ್ಚಿದ್ದರೆ ಇನ್ನೊಂದು ಮಾತೂ ಸೇರುತ್ತದೆ: "ಅವರಿಗೆ ಓದಿನ ಮೇಲೆ ಮನಸ್ಸೆಲ್ಲಿದೆ?" ನಾನು ಸರ್ಕಾರಿ ಪ್ರೌಢಶಾಲೆಯಲ್ಲೇ ಓದಿ ಈ ಕಾಲೇಜಿಗೆ ಬಂದವಳು. ಈ ಎರಡೂ ಮಾತು ತಪ್ಪು ಲೆಕ್ಕದಿಂದ ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಅಕೌಂಟೆನ್ಸಿ ಓದುವ ನಮಗೆ ಇದು ಬೇಗ ಅರ್ಥವಾಗಬೇಕು. ಒಬ್ಬ ವ್ಯಾಪಾರಿ 1 ಲಕ್ಷ ರೂಪಾಯಿಯಿಂದ ಶುರು ಮಾಡಿ ವರ್ಷದ ಕೊನೆಗೆ 1 ಲಕ್ಷ 10 ಸಾವಿರ ತೋರಿಸುತ್ತಾನೆ. ಇನ್ನೊಬ್ಬ 10 ಸಾವಿರದಿಂದ ಶುರು ಮಾಡಿ 40 ಸಾವಿರ ತೋರಿಸುತ್ತಾನೆ. ಅಂತಿಮ ಶಿಲ್ಕು ಮಾತ್ರ ನೋಡಿದರೆ ಮೊದಲನೆಯವನೇ ಗೆದ್ದಂತೆ. ಶಾಲೆಯ ಶೇಕಡಾವಾರು ಫಲಿತಾಂಶವೂ ಬರೀ ಅಂತಿಮ ಶಿಲ್ಕು. ಮಗು ಎಂಟನೇ ತರಗತಿಗೆ ಬಂದಾಗ ಏನು ಹೊತ್ತು ಬಂದಿತ್ತು ಎಂಬುದನ್ನು ಅದು ಹೇಳುವುದಿಲ್ಲ.

2025ರ ಪರೀಕ್ಷೆ-1ರ ಅಂಕಿಗಳನ್ನೇ ನೋಡಿ. ಅನುದಾನರಹಿತ ಖಾಸಗಿ ಶಾಲೆಗಳ ಫಲಿತಾಂಶ ಶೇ. 75.59, ಸರ್ಕಾರಿ ಶಾಲೆಗಳದ್ದು ಶೇ. 62.7. ಇಲ್ಲಿಗೆ ನಿಲ್ಲಿಸಿದರೆ ಸರ್ಕಾರಿ ಮೇಷ್ಟ್ರುಗಳ ತಪ್ಪು ಎಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಖಾಸಗಿ ಆಡಳಿತವೇ ಇರುವ ಅನುದಾನಿತ ಶಾಲೆಗಳ ಫಲಿತಾಂಶ ಶೇ. 58.97, ಅಂದರೆ ಸರ್ಕಾರಿ ಶಾಲೆಗಳಿಗಿಂತಲೂ ಕಡಿಮೆ. ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆ ಇದ್ದರೂ ದಕ್ಷಿಣ ಕನ್ನಡ ಜಿಲ್ಲೆಗೆ ಶೇ. 91.12, ಕಲಬುರಗಿಗೆ ಶೇ. 42.43. ಹಾಗಾದರೆ ವ್ಯತ್ಯಾಸ ಶಾಲೆಯ ಬೋರ್ಡಿನಲ್ಲಿ ಮಾತ್ರ ಇಲ್ಲ. ಶಾಲೆಗೆ ಬರುವ ಮಕ್ಕಳ ಮನೆಗಳಲ್ಲೂ ಇದೆ.

ನಮ್ಮ ಜಿಲ್ಲೆಯ ಸರ್ಕಾರಿ ಶಾಲೆಗೆ ಯಾರು ಬರುತ್ತಾರೆ? ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊರುವವರ ಮಕ್ಕಳು, ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಯವರ ಮಕ್ಕಳು, ಶ್ರೀನಿವಾಸಪುರದ ಮಾವಿನ ತೋಟ, ಮಂಡಿಗಳಲ್ಲಿ ಕೂಲಿ ಮಾಡುವವರ ಮಕ್ಕಳು. ಈ ಶಾಲೆ ಪ್ರವೇಶ ಪರೀಕ್ಷೆ ಇಡುವುದಿಲ್ಲ, ಬಂದವರನ್ನು ಸೇರಿಸಿಕೊಳ್ಳುತ್ತದೆ. ಫಲಿತಾಂಶ ಕೆಡಬಾರದೆಂದು ಒಂಬತ್ತನೇ ತರಗತಿಯಲ್ಲಿ ಟಿ.ಸಿ. ಕೊಟ್ಟು ಕಳಿಸಿದ ಮಕ್ಕಳೂ ಕೊನೆಗೆ ಇಲ್ಲಿಗೇ ಬರುತ್ತಾರೆ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದಲ್ಲಿ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೆ ಸೇರಿಯೇ ಇರಲಿಲ್ಲ, ಇಲ್ಲವೇ ಮಧ್ಯದಲ್ಲಿ ಬಿಟ್ಟಿದ್ದರು. ಅಂದಿನ ಆ ಮಕ್ಕಳು ಇಂದು ಅಪ್ಪ-ಅಮ್ಮಂದಿರು. ಅವರ ಮಕ್ಕಳಿಗೆ ಮನೆಯಲ್ಲಿ ಗಣಿತ ಹೇಳಿಕೊಡುವವರು ಯಾರು?

ಇನ್ನು ಭಾಷೆ. ನಮ್ಮ ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇದು ಮುಸ್ಲಿಮರ ಸಮಸ್ಯೆ ಮಾತ್ರ ಅಲ್ಲ. ಆಂಧ್ರದ ಗಡಿಗೆ ಅಂಟಿದ ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಎಷ್ಟೋ ಹಿಂದೂ ಗೆಳತಿಯರ ಮನೆಮಾತು ತೆಲುಗು. ಅವರೂ 125 ಅಂಕದ ಪ್ರಥಮ ಭಾಷೆ ಕನ್ನಡವನ್ನು ಶಾಲೆಯಲ್ಲೇ ಕಲಿತು ಬರೆಯುತ್ತಾರೆ. ಮನೆಮಾತು ಬೇರೆಯಾದರೆ ಕನ್ನಡ ಬರುವುದಿಲ್ಲ ಎನ್ನುವವರು ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನು ನೆನೆಯಲಿ. ಅವರ ಮನೆಮಾತು ತಮಿಳು, ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ನಮ್ಮ ಅಕೌಂಟೆನ್ಸಿಯಲ್ಲೇ ನೋಡಿ: ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ. ಇವೆಲ್ಲ ಅರಬ್ಬಿ, ಪಾರಸಿಯಿಂದ ಕನ್ನಡಕ್ಕೆ ಬಂದು ನೆಲೆಸಿದ ಪದಗಳು, ನನ್ನ ಅಮ್ಮಿ ದಿನಾ ಆಡುವ ಪದಗಳು. ಮನೆಮಾತು ಬರೀ ಸಾಲವಲ್ಲ, ಬಂಡವಾಳವೂ ಹೌದು. ಅದನ್ನು ಬಳಸಿ ಕಲಿಸುವವರು ಬೇಕು.

ನಮ್ಮ ಸಮಾಜ ಹೆಚ್ಚು ಚಿಂತಿಸಬೇಕಾದ ಅಂಕಿ ಇನ್ನೊಂದಿದೆ. 2025ರಲ್ಲಿ ಹುಡುಗಿಯರ ಫಲಿತಾಂಶ ಶೇ. 74, ಹುಡುಗರದ್ದು ಶೇ. 58.07. ಒಂದೇ ಬೆಂಚು, ಒಂದೇ ಮೇಷ್ಟ್ರು ಇದ್ದೂ ಇಷ್ಟು ಅಂತರ. ನನ್ನ ಜೊತೆ ಎಂಟನೇ ತರಗತಿಯಲ್ಲಿದ್ದ ಹುಡುಗರಲ್ಲಿ ಕೆಲವರು ಈಗ ಗ್ಯಾರೇಜಿನಲ್ಲಿದ್ದಾರೆ, ಕೆಲವರು ಮಂಡಿಯಲ್ಲಿ ಲೋಡ್ ಹತ್ತಿಸುತ್ತಾರೆ. 2025ರಲ್ಲಿ ಫೇಲಾದವರಿಗೆ ಪರೀಕ್ಷೆ-2, ಪರೀಕ್ಷೆ-3 ಇದ್ದವು, ನಿಜ. ಆದರೆ 2025ರ ಪರೀಕ್ಷೆ-2 ನಡೆದದ್ದು ಮೇ 26ರಿಂದ ಜೂನ್ 2ರವರೆಗೆ, ನಮ್ಮಲ್ಲಿ ಮಾವಿನ ಸುಗ್ಗಿಯ ಸಮಯ. ಆ ದಿನಗಳಲ್ಲಿ ಹುಡುಗನ ಕೈಗೆ ಕೂಲಿ ಬರುತ್ತದೆ, ಪುಸ್ತಕ ದೂರವಾಗುತ್ತದೆ. ಒಮ್ಮೆ ದುಡಿಮೆಗೆ ಇಳಿದವನನ್ನು ಮತ್ತೆ ಬೆಂಚಿಗೆ ಕರೆತರುವುದು ಬಹಳ ಕಷ್ಟ.

"ಇದೆಲ್ಲ ನೆಪ" ಎಂದು ಕೆಲವರು ಹೇಳಬಹುದು. ಅದಕ್ಕೆ ನನ್ನ ಉತ್ತರವಿದೆ. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ನೇತೃತ್ವದ ದೊಡ್ಡ ಅಧ್ಯಯನವೊಂದು ಮಕ್ಕಳ ಅಂಕಗಳ ಮೇಲೆ ಮನೆಯ ಹಿನ್ನೆಲೆಯ ಪ್ರಭಾವವೇ ಹೆಚ್ಚು ಎಂದಿತು. ಆದರೆ ಹಿಂದುಳಿದ ಮನೆಗಳ ಮಕ್ಕಳಿಗೆ ಒಳ್ಳೆಯ ಶಿಕ್ಷಕರಿಂದ, ಓದುವ ಸಹಪಾಠಿಗಳಿಂದ ಆಗುವ ಲಾಭ ಉಳಿದವರಿಗಿಂತ ಹೆಚ್ಚು ಎಂದೂ ಅದೇ ವರದಿ ಹೇಳಿತು. ಹಿನ್ನೆಲೆಯ ಲೆಕ್ಕ ಇಡುವುದು ಕೈಕಟ್ಟಿ ಕೂರುವುದಕ್ಕಲ್ಲ, ಯಾವ ಮಗುವಿಗೆ ಎಷ್ಟು ಕೈಯಾಸರೆ ಬೇಕು ಎಂದು ತಿಳಿಯುವುದಕ್ಕೆ.

ಆದ್ದರಿಂದ ನಮ್ಮ ಕಾಲೇಜಿಗೆ ಮೂರು ವಿನಂತಿ. ಒಂದು, ಪ್ರಥಮ ಪಿಯುಸಿಗೆ ಸೇರುವವರ ಅಂಕಪಟ್ಟಿಯ ಜೊತೆ ಮನೆಮಾತು, ಓದಿದ ಮಾಧ್ಯಮವನ್ನೂ ಕೇಳಿ, ಮೊದಲ ತಿಂಗಳು ಭಾಷೆಗೆ, ಲೆಕ್ಕಕ್ಕೆ ವಿಶೇಷ ತರಗತಿ ನಡೆಸಬೇಕು. ಎರಡು, ಪರೀಕ್ಷೆ-2ರ ಮೊದಲು ಸಂಜೆ ಹೊತ್ತು ನಮ್ಮ ಎರಡು ಕೊಠಡಿ ತೆರೆದಿಡಬೇಕು. ಕೂಲಿ ಮುಗಿಸಿ ಬರುವ ಹುಡುಗರಿಗೆ ನಾವು ದ್ವಿತೀಯ ಪಿಯುಸಿಯವರು ಸರದಿಯ ಮೇಲೆ ಗಣಿತ ಹೇಳಿಕೊಡುತ್ತೇವೆ. ನಮ್ಮ ಅಣ್ಣಂದಿರು, ಮಾಮೂಗಳು ಅವರನ್ನು ಕರೆದುಕೊಂಡು ಬಂದರೆ ಸಾಕು. ಮೂರು, ಈ ಪತ್ರಿಕೆಯಲ್ಲಿ ಟಾಪರ್‌ಗಳ ಫೋಟೋ ಪಕ್ಕದಲ್ಲಿ, ಪರೀಕ್ಷೆ-2ರಲ್ಲಿ ಪಾಸಾಗಿ ನಮ್ಮಲ್ಲಿಗೆ ಸೇರಿದವರ ಫೋಟೋವನ್ನೂ ಅವರು ಒಪ್ಪಿದರೆ ಹಾಕಬೇಕು.

ಮುಂದಿನ ಫಲಿತಾಂಶದ ದಿನ ಯಾರಾದರೂ "ಆ ಶಾಲೆ ಬರೀ ಶೇ. 50" ಎಂದರೆ, ಗೆಳೆಯರೇ, ಒಂದೇ ಪ್ರಶ್ನೆ ಕೇಳಿ: ಆರಂಭಿಕ ಶಿಲ್ಕು ಎಷ್ಟಿತ್ತು?