ಮೂರ್ತಿ ಎಷ್ಟು ಅಡಿ ಅಂತ ಕೇಳೋ ನಾಡಲ್ಲಿ ತಲ್ಲೂರರ ನಾಣ್ಯದ ಮೆಷಿನ್

ಗೌನಿಪಲ್ಲಿಯಿಂದ ಬಸ್ ಹತ್ತಿ ಬಂಗಾರಪೇಟೆ ಕಡೆ ಹೋದರೆ ಕಮ್ಮಸಂದ್ರದ 108 ಅಡಿಯ ಲಿಂಗ ಸಿಗುತ್ತೆ. ಚಿಕ್ಕಬಳ್ಳಾಪುರದ ಕಡೆ ಹೋದರೆ 112 ಅಡಿಯ ಆದಿಯೋಗಿ. ಇನ್ನೂ ಮುಂದೆ ಹೋದರೆ ವಿಮಾನ ನಿಲ್ದಾಣದ ಹತ್ತಿರ 108 ಅಡಿಯ ಕೆಂಪೇಗೌಡರು, 2022ರ ನವೆಂಬರ್‌ನಲ್ಲಿ ಪ್ರಧಾನಿ ಅನಾವರಣ ಮಾಡಿದ್ದು. ಇಂಜಿನಿಯರಿಂಗ್ ಓದಿದ ಚಟ, ಅದರ ಲೆಕ್ಕ ನನಗೆ ಬಾಯಿಪಾಠ: 98 ಟನ್ ಕಂಚು, 120 ಟನ್ ಉಕ್ಕು. ಆದರೆ ಅದನ್ನು ಮಾಡಿದ ಶಿಲ್ಪಿ ಯಾರು ಅಂತ ಸ್ನೇಹಿತರನ್ನು ಕೇಳಿ ನೋಡಿ. ರಾಮ್ ಸುತಾರ್ ಅಂತ ಥಟ್ಟನೆ ಹೇಳೋರು ಕಡಿಮೆ.

ಮೂರ್ತಿಯನ್ನು ಅಡಿ ಮತ್ತು ಟನ್ ಲೆಕ್ಕದಲ್ಲಿ ಕೊಂಡುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಕಾರ್ಕಳ ನೋಡಿ. ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ 33 ಅಡಿಯ ಪರಶುರಾಮ 2023ರ ಜನವರಿಯಲ್ಲಿ, ಅಂದರೆ ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳಿರುವಾಗ ಉದ್ಘಾಟನೆಯಾದ. ವರ್ಷ ತುಂಬೋದರೊಳಗೆ ಮೂರ್ತಿಯ ಮೇಲ್ಭಾಗವನ್ನೇ ಕಳಚಿ ಇಳಿಸಿದರು. ಇದು ಕಂಚಿನದ್ದೇ ಅಲ್ಲ ಅನ್ನೋ ಆರೋಪ, ಪೊಲೀಸ್ ಕೇಸು, ಪಕ್ಷಗಳ ಕಿತ್ತಾಟ ಎಲ್ಲವೂ ಆಯಿತು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಇಷ್ಟೆಲ್ಲದರ ನಡುವೆ ಯಾರೂ ಕೇಳದೇ ಹೋದ ಪ್ರಶ್ನೆ ಒಂದಿದೆ: ಶಿಲ್ಪವಾಗಿ ಅದು ಹೇಗಿತ್ತು?

ತಮಾಷೆ ಅಂದರೆ, ಈ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದಿಂದ ಬೇರೆ ಬೇರೆ ರೀತಿ ಕೇಳ್ತಾ ಬಂದಿರೋ ಶಿಲ್ಪಿಯೊಬ್ಬರು ಅದೇ ಉಡುಪಿ ಜಿಲ್ಲೆಯವರು. ಎಲ್.ಎನ್. ತಲ್ಲೂರ್ ಹುಟ್ಟಿದ್ದು 1971ರಲ್ಲಿ, ಕುಂದಾಪುರದ ಹತ್ತಿರದ ಕೋಟೇಶ್ವರದಲ್ಲಿ. ಮೈಸೂರಿನ ಕಾವಾದಲ್ಲಿ ಚಿತ್ರಕಲೆ, ಬರೋಡಾದಲ್ಲಿ ಮ್ಯೂಸಿಯಂ ಶಾಸ್ತ್ರ ಓದಿ, ಆಮೇಲೆ ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋದರು. 2012ರಲ್ಲಿ ಸ್ಕೋಡಾ ಪ್ರಶಸ್ತಿ ಬಂತು.

ಇಂಗ್ಲೆಂಡಿನ ವಿಷಯ ಸುಮ್ಮನೆ ತೆಗೆದಿದ್ದಲ್ಲ. ಪಾಪ್ ಆರ್ಟ್ ಅಂದ ಕೂಡಲೇ ನಮಗೆ ನೆನಪಾಗೋದು ಅಮೆರಿಕದ ವಾರ್‌ಹೋಲ್, ಸೂಪ್ ಡಬ್ಬಿ. ಅದಕ್ಕೂ ಮೊದಲೇ, 1940ರ ದಶಕದಲ್ಲಿ, ಎಡ್ವಾರ್ಡೊ ಪಾವ್ಲೊಟ್ಸಿ ಅನ್ನೋ ಬ್ರಿಟಿಷ್ ಶಿಲ್ಪಿ ಅಮೆರಿಕನ್ ಮ್ಯಾಗಜೀನ್‌ಗಳ ಜಾಹೀರಾತು ಕತ್ತರಿಸಿ ಅಂಟಿಸ್ತಿದ್ದ. ಎಡಿನ್‌ಬರ್ಗ್ ಪಕ್ಕದ ಲೀತ್‌ನಲ್ಲಿ ಐಸ್‌ಕ್ರೀಮ್ ಅಂಗಡಿ ಇಟ್ಟಿದ್ದ ಇಟಾಲಿಯನ್ ವಲಸಿಗರ ಮಗ. 1940ರಲ್ಲಿ ಇಟಲಿ ಯುದ್ಧಕ್ಕಿಳಿದ ಕೂಡಲೇ ಇವನನ್ನೂ ಬಂಧನದಲ್ಲಿಟ್ಟರು. ಅಪ್ಪ, ಅಜ್ಜ ಇಬ್ಬರನ್ನೂ ಗಡೀಪಾರು ಮಾಡ್ತಿದ್ದ ಹಡಗು ಮುಳುಗಿ ಸತ್ತರು. 'ಶತ್ರು ದೇಶದವರು' ಅನ್ನೋ ಒಂದು ಹಣೆಪಟ್ಟಿ ಸಾಕಾಯಿತು. ಮುಂದೆ ಅವನು ಯಂತ್ರಗಳ ಬಿಡಿಭಾಗ, ಗುಜರಿ ವಸ್ತುಗಳಿಂದ ಮನುಷ್ಯರ ಆಕಾರ ಕಟ್ಟಿದ. ಪೇಟೆಯಲ್ಲಿ ಬಿದ್ದಿರೋದನ್ನೇ ಎತ್ತಿಕೊಂಡು ಪೇಟೆಯ ಮುಖಕ್ಕೇ ಹಿಡಿಯೋದು ಪಾಪ್ ಆರ್ಟಿನ ವರಸೆ.

ತಲ್ಲೂರ್ ತಮ್ಮನ್ನು ಪಾಪ್ ಕಲಾವಿದ ಅಂತ ಕರೆದುಕೊಳ್ಳಬೇಕಿಲ್ಲ, ವರಸೆ ಮಾತ್ರ ಹತ್ತಿರದ್ದು. ಅವರ ಶುರುವಿನ ಕೃತಿಯೊಂದರ ಹೆಸರೇ 'ಮೇಡ್ ಇನ್ ಇಂಗ್ಲೆಂಡ್: ಎ ಟೆಂಪಲ್ ಡಿಸೈನ್ ಫಾರ್ ಇಂಡಿಯಾ'. ಗಾಳಿ ತುಂಬಿದರೆ ಎದ್ದು ನಿಲ್ಲುವ ದೇವಸ್ಥಾನ! ಇನ್ನೊಂದರಲ್ಲಿ ಮರದ ದಿಮ್ಮಿ ಇಟ್ಟಿದ್ದಾರೆ. ನೋಡೋಕೆ ಬಂದವರೇ ಹರಕೆ ಹೊತ್ತ ಹಾಗೆ ಅದಕ್ಕೆ ಸುತ್ತಿಗೆಯಿಂದ ನಾಣ್ಯ ಬಡಿಯಬೇಕು. ಮತ್ತೊಂದು, 'ಅಪೋಕ್ಯಾಲಿಪ್ಸ್', ನಾಣ್ಯ ಹಾಕಿದರೆ ಪಾಲಿಶ್ ಮಾಡಿಕೊಡೋ ಯಂತ್ರ. ಕಪ್ಪು ದುಡ್ಡು ಬಿಳಿ ಮಾಡೋದು ಅಂತ ನಗಬಹುದು. ಆದರೆ ಉಜ್ಜುತ್ತಾ ಹೋದರೆ ನಾಣ್ಯದ ಮೇಲಿನ ಸಿಂಹವೂ ಹೋಗುತ್ತೆ, ಅಂಕಿಯೂ ಹೋಗುತ್ತೆ. ಕಾರ್ಕಳದ ಬೆಟ್ಟವನ್ನು ನೆನೆಸಿಕೊಂಡಾಗಲೆಲ್ಲ ನನಗೆ ಈ ಯಂತ್ರ ಕಣ್ಮುಂದೆ ಬರುತ್ತೆ.

ತಕರಾರೂ ಇದೆ. ಇವೆಲ್ಲ ಇರೋದು ಗ್ಯಾಲರಿ, ಬಿನಾಲೆಗಳಲ್ಲಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸ ಮಾಡೋ ಹುಡುಗ ಈ ದಿಮ್ಮಿಗೆ ನಾಣ್ಯ ಹೊಡೆಯೋದು ಯಾವಾಗ? ಅವನ ಕಣ್ಣಿಗೆ ಬೀಳೋದು 108 ಅಡಿಯದ್ದು ಮಾತ್ರ. ಹಾಗಾಗಿ ಶಿಲ್ಪ ಅಂದರೆ ಎತ್ತರ ಅಂತಲೇ ಅವನು ತಿಳಿದರೆ ಅದು ಅವನ ತಪ್ಪಲ್ಲ. ಪಾವ್ಲೊಟ್ಸಿ ಗ್ಯಾಲರಿಗೆ ಸೀಮಿತವಾಗಿರಲಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಟಾಟನಮ್ ಕೋರ್ಟ್ ರೋಡ್ ಮೆಟ್ರೋ ನಿಲ್ದಾಣದ ಗೋಡೆಗಳಿಗೆ ಬಣ್ಣಬಣ್ಣದ ಮೊಸಾಯಿಕ್ ಕೂರಿಸಿದ. 2015ರಲ್ಲಿ ನಿಲ್ದಾಣ ದೊಡ್ಡದು ಮಾಡುವಾಗ ಅದರ ಕಮಾನುಗಳನ್ನು ಒಡೆದಾಗ ಜನ ಗಲಾಟೆ ಎಬ್ಬಿಸಿದರು. ದಿನಾ ಓಡಾಡೋ ಜಾಗದಲ್ಲಿ ಇದ್ದಿದ್ದಕ್ಕೇ ಅದು ಅವರದ್ದಾಗಿತ್ತು.

ನಮ್ಮಲ್ಲಿ ಕೈಗಳಿಗೇನೂ ಬರ ಇಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಕಲ್ಲು ಕೆತ್ತೋ ಮನೆಗಳಿವೆ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಹಾಳಾಗೋ ಕೆಲಸ ಅದು. ಅವರ ಬಳಿಗೆ ಹೋಗೋ ಆರ್ಡರ್‌ನಲ್ಲೂ ಇರೋದು ದೇವರ ಹೆಸರು, ಅಳತೆ, ತಾರೀಖು ಅಷ್ಟೇ. ಇಂಥ ಊರಿನ ಶಿಲ್ಪಿಯನ್ನೂ ತಲ್ಲೂರರಂಥವರನ್ನೂ ಒಂದೇ ಶೆಡ್ಡಿನಲ್ಲಿ ಕೂರಿಸಿ, ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿಗೆ ಏನಾದರೂ ಮಾಡಿ ಅಂತ ಕೇಳೋಕೆ ಬಜೆಟ್‌ನಲ್ಲಿ ಎಷ್ಟು ಬೇಕಾದೀತು? 98 ಟನ್ ಕಂಚಿನ ಖರ್ಚಂತೂ ಆಗಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಬಹುದು. ನಿಮ್ಮೂರಲ್ಲಿ ಸರ್ಕಾರಿ ದುಡ್ಡಲ್ಲಿ ಮುಂದಿನ ಮೂರ್ತಿಗೆ ಗುದ್ದಲಿ ಪೂಜೆ ಆದಾಗ, ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ. ಶಿಲ್ಪಿಯನ್ನು ಆರಿಸಿದ್ದು ಯಾರು, ವಿನ್ಯಾಸ ನೋಡಿದ್ದು ಯಾರು, ಲೋಹದ ಪರೀಕ್ಷಾ ವರದಿ ಎಲ್ಲಿದೆ ಅಂತ ಕೇಳಿ. ಪರದೆ ಸರಿಸೋದಕ್ಕಿಂತ ಮುಂಚೆಯೇ ಕೇಳಿ.