ನೆಲಮಾಳಿಗೆಯ ನೀರಿಗೂ ಲೆಕ್ಕವಿರಲಿ



ಬೆಂಗಳೂರಿನಲ್ಲಿ ಮಳೆಗಾಲ ಬಂದು ನೆಲಮಾಳಿಗೆಗಳು ಜಲಾವೃತವಾದಾಗಲೆಲ್ಲ ರಾಜಕಾಲುವೆಗಳ ಒತ್ತುವರಿ ಮತ್ತು ಹೂಳಿನ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ. ಅದು ಸರಿಯಾದ ಚರ್ಚೆಯೇ ಆದರೂ, ಪಾಯ ತೆಗೆಯುವಾಗ ಕೆಳಗಿನಿಂದ ಒಸರುವ ನೀರನ್ನು ಏನು ಮಾಡಬೇಕೆಂಬ ಪ್ರಶ್ನೆ ಅದರಲ್ಲಿ ಮರೆಯಾಗಿದೆ.

ನಗರದ ನೆಲದಡಿಯ ಗಟ್ಟಿ ನೈಸ್ ಶಿಲೆಯ ಮೇಲೆ, ಕಾಲಾಂತರದಲ್ಲಿ ಸವೆದು ಸಡಿಲಗೊಂಡ ಶಿಥಿಲ ಶಿಲೆಯ ಪದರವಿದ್ದು, ಇಂಗಿದ ಮಳೆನೀರು ಅದರಲ್ಲಿ ಸಂಗ್ರಹವಾಗುತ್ತದೆ. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿರುವ ವಲಯದ ಮೇಲ್ಮೈಗೆ ಅಂತರ್ಜಲ ಮಟ್ಟವೆನ್ನುತ್ತಾರೆ. ಕೆರೆಗಳ ಆಸುಪಾಸಿನಲ್ಲಿ ಇದು ಹಲವೆಡೆ ಕೆಲವೇ ಮೀಟರ್ ಆಳದಲ್ಲಿರುತ್ತದೆ. ವಾಹನ ನಿಲುಗಡೆಯ ಸೆಲ್ಲಾರ್ ಸಾಮಾನ್ಯವಾಗಿ ಎಫ್‌ಎಆರ್, ಅಂದರೆ ನಿವೇಶನದ ಅಳತೆಗೆ ತಕ್ಕಂತೆ ಕಟ್ಟಬಹುದಾದ ಒಟ್ಟು ವಿಸ್ತೀರ್ಣದ ಮಿತಿಯ ಲೆಕ್ಕಕ್ಕೆ ಸೇರದ ಕಾರಣ ಬಿಲ್ಡರುಗಳು ಎರಡು ಮೂರು ಅಂತಸ್ತು ಕೆಳಗಿಳಿಯುತ್ತಾರೆ. ಗುಂಡಿ ಅಂತರ್ಜಲ ಮಟ್ಟವನ್ನು ದಾಟಿದೊಡನೆ ಅದು ತೆರೆದ ಬಾವಿಯಂತೆಯೇ ಸುತ್ತಲಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳತೊಡಗುತ್ತದೆ.

ಗುಂಡಿಯನ್ನು ಒಣಗಿಸಲು ಹಗಲಿರುಳು ಪಂಪು ಹಾಕುವ ಕೆಲಸಕ್ಕೆ ಡಿವಾಟರಿಂಗ್ ಎಂದು ಹೆಸರು. ಪೈಪಿನ ಬಾಯಲ್ಲಿ ಬೀಳುವ ನೀರು ತಿಳಿಯಾಗಿದ್ದರೆ ಭಯ ಕಡಿಮೆ. ಅದು ದಿನಗಟ್ಟಲೆ ಕೆನ್ನೀರಾಗಿಯೇ ಬರುತ್ತಿದ್ದರೆ ನೀರಿನೊಡನೆ ನುಣ್ಣನೆಯ ಮಣ್ಣೂ ಹೊರಹೋಗುತ್ತಿರಬಹುದೆಂದೂ, ಪಕ್ಕದ ಮನೆಯ ಪಾಯದಡಿ ಟೊಳ್ಳು ಬೀಳುವ ಸಂಭವವಿದೆಯೆಂದೂ ತಿಳಿಯಬೇಕು. ಜತೆಗೆ, ಸುತ್ತಲಿನ ನೀರಿನ ಮಟ್ಟ ಇಳಿದಾಗ ಮೆತ್ತನೆಯ ಮಣ್ಣು ಕುಗ್ಗಿ ಗೋಡೆಗಳಲ್ಲಿ ಬಿರುಕು ಮೂಡುವುದೂ ಉಂಟು.

ಪಂಪನ್ನು ಬೇಗನೆ ನಿಲ್ಲಿಸುವುದರಲ್ಲೂ ಅಪಾಯವಿದೆ. ನೀರಿನಲ್ಲಿ ಮುಳುಗಿದ ರಚನೆಯನ್ನು ನೀರು ಮೇಲಕ್ಕೆ ಒತ್ತುತ್ತದೆ. ಪ್ರತಿ ಮೀಟರ್ ಆಳಕ್ಕೆ ಈ ಒತ್ತಡ ಚದರ ಮೀಟರಿಗೆ ಸುಮಾರು 1 ಟನ್. ಏಳು ಮೀಟರ್ ಆಳದ ನೆಲಮಾಳಿಗೆಯ ಸುತ್ತ ಅಂತರ್ಜಲ ಮಟ್ಟ ನೆಲದಿಂದ ಮೂರು ಮೀಟರ್ ಕೆಳಗಿದ್ದರೆ ತಳದ ಮೇಲೆ ಚದರ ಮೀಟರಿಗೆ 4 ಟನ್ ಒತ್ತಡ ಬೀಳುತ್ತದೆ, ಆದರೆ 40 ಸೆಂ.ಮೀ. ದಪ್ಪದ ರಾಫ್ಟ್, ಅಂದರೆ ಕಟ್ಟಡದಡಿ ಹಾಸಿದ ಕಾಂಕ್ರೀಟ್ ತಳಪಾಯ, ಅಷ್ಟೇ ಜಾಗದಲ್ಲಿ ತೂಗುವುದು ಸುಮಾರು 1 ಟನ್ ಮಾತ್ರ. ಮೇಲಿನ ಅಂತಸ್ತುಗಳ ಭಾರ ಬೀಳುವ ಮೊದಲೇ ಡೀಸೆಲ್ ಉಳಿಸಲೆಂದು ಪಂಪು ನಿಲ್ಲಿಸಿದರೆ ರಾಫ್ಟ್ ಉಬ್ಬಿ ಸೀಳಬಹುದು. ಜಲನಿರೋಧಕ ಕೆಲಸದಲ್ಲಿ ಖರ್ಚು ಉಳಿಸಿ, ತಳದಲ್ಲೊಂದು ಸಂಪು ಬಿಟ್ಟು ಕೈತೊಳೆದುಕೊಳ್ಳುವ ಬಿಲ್ಡರುಗಳೂ ಇದ್ದಾರೆ. ಅಲ್ಲಿ ಕಟ್ಟಡ ಇರುವಷ್ಟು ಕಾಲವೂ ನೀರೆತ್ತುವ ವಿದ್ಯುತ್ ಬಿಲ್ಲು ನಿವಾಸಿಗಳ ಪಾಲಿಗೆ ಉಳಿಯುತ್ತದೆ.

2024ರ ಮಾರ್ಚಿನಲ್ಲಿ ನೀರಿನ ಬವಣೆ ತೀವ್ರವಾದಾಗ ಜಲಮಂಡಳಿಯು ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ ₹5,000 ದಂಡ ಗೊತ್ತುಪಡಿಸಿತು. ಕಾಂಕ್ರೀಟ್ ಕ್ಯೂರಿಂಗಿಗೆ, ಅಂದರೆ ಅದನ್ನು ತೇವವಾಗಿಟ್ಟು ಗಟ್ಟಿಗೊಳಿಸಲು, ಟ್ಯಾಂಕರ್ ಹುಡುಕುವ ಇದೇ ನಗರದಲ್ಲಿ ಪಾಯದ ಗುಂಡಿಗಳ ನೀರು ಅಳತೆಯಿಲ್ಲದೆ ಚರಂಡಿ ಸೇರುತ್ತಿರುವುದು ವಿಪರ್ಯಾಸ. ರಾಜ್ಯದ 2011ರ ಅಂತರ್ಜಲ ಅಧಿನಿಯಮದ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡುವವರು ಅನುಮತಿ ಪಡೆಯಬೇಕು. ಅಡ್ಡಗಲ ಕೆಲವೇ ಅಂಗುಲದ ಕೊಳವೆಬಾವಿಗೆ ಇರುವ ಈ ಕಟ್ಟುಪಾಡು, ತಿಂಗಳುಗಟ್ಟಲೆ ನೀರು ಹೊರಚೆಲ್ಲುವ ನೆಲಮಾಳಿಗೆಯ ಗುಂಡಿಗೂ ಅಷ್ಟೇ ಸ್ಪಷ್ಟವಾಗಿ ಅನ್ವಯಿಸುವಂತಾಗಬೇಕು.

ಆದ್ದರಿಂದ ನಕ್ಷೆ ಮಂಜೂರು ಮಾಡುವ ಮುನ್ನ, ನಿವೇಶನದಲ್ಲಿ ರಂಧ್ರವಿರುವ ವೀಕ್ಷಣಾ ಕೊಳವೆ ಇಳಿಸಿ ಬೇಸಿಗೆಯಲ್ಲೂ ಮಳೆಗಾಲದ ಕೊನೆಗೂ ಅಳೆದ ನೀರಿನ ಮಟ್ಟವನ್ನು ಕಡ್ಡಾಯವಾಗಿ ಸಲ್ಲಿಸುವಂತಾಗಬೇಕು. ಪಂಪಿಗೆ ಮೀಟರ್ ಅಳವಡಿಸಿ, ಹೂಳು ಇಳಿಸುವ ತೊಟ್ಟಿಯಿಂದ ಹಾದುಬಂದ ನೀರನ್ನು ಕ್ಯೂರಿಂಗಿಗೂ ಇಂಗುಬಾವಿಗೂ ಬಳಸುವುದು, ನೆರೆಯ ಕಟ್ಟಡಗಳ ಕುಸಿತವನ್ನು ಗುರುತು ಹಾಕಿ ಅಳೆಯುವುದು, ಪಂಪು ನಿಲ್ಲಿಸುವ ದಿನವನ್ನು ವಿನ್ಯಾಸಕಾರ ಎಂಜಿನಿಯರರೇ ಲಿಖಿತವಾಗಿ ನಿರ್ಧರಿಸುವುದು ಪರವಾನಗಿಯ ಷರತ್ತುಗಳಾಗಲಿ. ನೀರು ತೀರಾ ಮೇಲಿರುವ ಕಡೆ ನೆಲಮಾಳಿಗೆಯ ಅಂತಸ್ತುಗಳನ್ನೇ ಕಡಿತಗೊಳಿಸುವ ಅಧಿಕಾರವೂ ಮಂಜೂರಾತಿ ನೀಡುವವರಿಗೆ ಇರಬೇಕು.

— ಓರ್ವ ಓದುಗ, ಬೆಂಗಳೂರು