ಪಿನ್ನು ನೋಡಿ ಮನುಷ್ಯರನ್ನು ಅಳೆಯಬೇಡಿ

ಸ್ಪೇನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಕೊರ್ದೋಬಾ ಮಸೀದಿ, ಅಲ್‌ಹಂಬ್ರಾ ನೆನಪಾಗುತ್ತವೆ. 711ರಲ್ಲಿ ತಾರಿಕ್ ಬಿನ್ ಝಿಯಾದ್ ಅಲ್ಲಿಗೆ ಹೋದಾಗ ಆ ನಾಡನ್ನು ಆಳುತ್ತಿದ್ದವರು ವಿಸಿಗೋಥರು. 'ಸೋತವರು' ಎಂಬ ಒಂದೇ ಮಾತಿನಲ್ಲಿ ನಾವು ಅವರನ್ನು ಮುಗಿಸಿಬಿಡುತ್ತೇವೆ. ಆದರೆ ಅವರ ಒಡವೆಗಳ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

6ನೇ ಶತಮಾನದ ಅಲ್ಲಿನ ಕೆಲವು ಹೆಂಗಸರ ಗೋರಿಗಳಲ್ಲಿ ಭುಜಕ್ಕೊಂದರಂತೆ ದೊಡ್ಡ ಪಿನ್ನುಗಳು ಸಿಕ್ಕಿವೆ. ಬಟ್ಟೆ ಜಾರದಂತೆ ಹಿಡಿಯುವುದು ಅವುಗಳ ಕೆಲಸ, ನಮ್ಮ ದುಪಟ್ಟಾ ಪಿನ್ನಿನ ಹಾಗೆಯೇ. ಕೆಲವು ಹದ್ದಿನ ಆಕಾರದವು: ಕಂಚಿನ ಮೇಲೆ ಚಿನ್ನದ ತಗಡು, ಅದರಲ್ಲಿ ಕೂರಿಸಿದ ಕೆಂಪು ಗಾರ್ನೆಟ್ ಹರಳು, ಬಣ್ಣದ ಗಾಜು. ಸೊಂಟಕ್ಕೆ ಅಗಲವಾದ ಆಯತಾಕಾರದ ಬಕಲ್. ಕಾಮರ್ಸ್ ಓದುವ ನನಗೆ ಕುತೂಹಲ ಹುಟ್ಟಿಸಿದ್ದು ಕಚ್ಚಾವಸ್ತು. ಆ ಕಾಲದ ಯುರೋಪಿನ ಒಡವೆಗಳಲ್ಲಿದ್ದ ಅನೇಕ ಗಾರ್ನೆಟ್‌ಗಳು ಭಾರತ, ಶ್ರೀಲಂಕಾ ಕಡೆಯಿಂದ ಹೋದವು ಎಂದು ಪರೀಕ್ಷೆಗಳು ತೋರಿಸಿವೆ!

ಶತಮಾನ ಮುಗಿಯುವಷ್ಟರಲ್ಲಿ ಈ ಜೋಡಿ ಪಿನ್ನುಗಳು ಮರೆಯಾದವು. ಗೋಥರು ಮತ್ತು ರೋಮನರ ನಡುವಿನ ಮದುವೆಗಿದ್ದ ನಿಷೇಧವನ್ನು ದೊರೆ ಲಿಯೋವಿಗಿಲ್ಡ್ ತೆಗೆದುಹಾಕಿದ. ಅವನ ಮಗ ರೆಕರೆಡ್ ಏರಿಯನ್ ಪಂಥ ಬಿಟ್ಟು ಕ್ಯಾಥೊಲಿಕ್ ಆದ; 589ರ ಟೊಲೆಡೊ ಸಭೆ ಅದನ್ನು ಸಾರಿತು. 7ನೇ ಶತಮಾನದಲ್ಲಿ ಬೈಜಾಂಟಿಯಮ್ ಮಾದರಿಯ, ಲೈರ್ ಎಂಬ ತಂತಿವಾದ್ಯವನ್ನು ಹೋಲುವ ಕಂಚಿನ ಬಕಲ್ ಬಳಕೆಗೆ ಬಂತು. ಅದನ್ನು ನೋಡಿ ತೊಟ್ಟವನು ಗೋಥನೋ ರೋಮನನೋ ಎಂದು ಹೇಳಲಾಗದು. ಸಿರಿವಂತರ ಚಿನ್ನವೂ ಗೋರಿ ಬಿಟ್ಟು ಚರ್ಚ್ ಸೇರತೊಡಗಿತು. 1858ರಲ್ಲಿ ಟೊಲೆಡೊ ಬಳಿಯ ಗ್ವಾರಸಾರ್‌ನಲ್ಲಿ ಸಿಕ್ಕ ದೊರೆ ರೆಕೆಸ್ವಿಂತ್‌ನ ಕಿರೀಟ ತಲೆಗೆ ಇಡುವುದಕ್ಕಲ್ಲ, ಚರ್ಚಿನಲ್ಲಿ ತೂಗುಹಾಕುವುದಕ್ಕೆ ಮಾಡಿಸಿದ ಕಾಣಿಕೆ.

ಹಿಂದಿನ ಸಂಶೋಧಕರು ಜೋಡಿ ಪಿನ್ನು ಸಿಕ್ಕರೆ 'ಗೋಥ್ ಹೆಂಗಸು', ಸಿಗದಿದ್ದರೆ 'ರೋಮನ್' ಎಂದು ಬರೆದುಕೊಳ್ಳುತ್ತಿದ್ದರು. ಇಂದು ಅನೇಕ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಪಿನ್ನು ಅಂತಸ್ತನ್ನು ತೋರಿಸಿರಬಹುದು, ಆ ಕಾಲದ ಫ್ಯಾಷನ್ ಆಗಿರಬಹುದು. ಪಿನ್ನು ಹೋಯಿತೆಂದರೆ ಜನ ಅಳಿದರು ಎಂದೂ ಅರ್ಥವಲ್ಲ; ಅವರ ರಾಜ್ಯ ಮತ್ತೆ ನೂರು ವರ್ಷಕ್ಕೂ ಹೆಚ್ಚು ಬಾಳಿತು.

ಹಾಗಾದರೆ ಉಡುಪಿಗೆ ಅರ್ಥವೇ ಇಲ್ಲವೇ? ಖಂಡಿತ ಇದೆ. ಆದರೆ ಆ ಅರ್ಥವನ್ನು ತೊಟ್ಟವರು ಹೇಳಬೇಕು. ಸತ್ತವರನ್ನು ಕೇಳಲು ಸಾಧ್ಯವಿಲ್ಲ, ಆದ್ದರಿಂದ ಸಂಶೋಧಕರು ಊಹಿಸುತ್ತಾರೆ. ನಮ್ಮ ಪಕ್ಕದ ಬೆಂಚಿನಲ್ಲಿ ಕೂತವರು ಬದುಕಿದ್ದಾರೆ. ಮನೆಯಲ್ಲಿ ಉರ್ದು ಮಾತಾಡಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವ ನನ್ನನ್ನೂ ಬಟ್ಟೆ ನೋಡಿ ತಿಳಿದುಕೊಳ್ಳಲಾಗದು. ಸ್ನೇಹಿತರೇ, ಊಹಿಸುವ ಮೊದಲು ಕೇಳೋಣ.